ಎರಡು ಮನೆಯ ವೀರರು, ಒಂದು ಅಂಗಳ

೧

ಏಳನೆಯ ತರಗತಿಯಲ್ಲಿ ಒಂದು ದಿನ ಭೀಮಸೇನನು ಹನುಮಂತನ ಬಾಲವನ್ನೆತ್ತಲಾರದೆ ಸೋತ ಪ್ರಸಂಗವನ್ನು ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಾಷ್ಟ್ರೇ, ಸೂಪರ್‌ಮ್ಯಾನಿಗೂ ಸ್ಪೈಡರ್‌ಮ್ಯಾನಿಗೂ ಜಗಳ ಆದರೆ ಯಾರು ಗೆಲ್ಲುವುದು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಪಾಠಕ್ಕೆ ಸಂಬಂಧವಿಲ್ಲದ ಮಾತೆಂದು ನಾನು ಅವನನ್ನು ಗದರಿಸಿ ಕೂರಿಸಿದೆ.

ಸಂಜೆ ಮನೆಗೆ ನಡೆಯುತ್ತ ಯೋಚಿಸಿದಾಗ ತಪ್ಪು ನನ್ನದೆಂದು ಹೊಳೆಯಿತು. ಹನುಮಂತ ರಾಮಾಯಣದವನು, ಭೀಮ ಭಾರತದವನು. ಯುಗ ಬೇರೆ, ಕಾವ್ಯ ಬೇರೆ. ಆ ಇಬ್ಬರನ್ನೂ ಒಂದು ಕಾಡುದಾರಿಯಲ್ಲಿ ಎದುರುಬದುರು ನಿಲ್ಲಿಸಿದ ಕವಿ ಮಾಡಿದ ಕೆಲಸವನ್ನೇ ಹುಡುಗ ತನ್ನ ವೀರರಿಂದ ಮಾಡಿಸಲು ಹೊರಟಿದ್ದ. ಅವನ ಪ್ರಶ್ನೆ ಪಾಠದ ಒಳಗಿನದೇ ಆಗಿತ್ತು. ಆ ಬಳಿಕ ಈ ಜಾತಿಯ ಅಮೆರಿಕದ ಚಿತ್ರಕಥೆಗಳನ್ನು ಕುತೂಹಲಕ್ಕಾಗಿ ಓದತೊಡಗಿದೆ. ಓದಿದಂತೆ, ಅವುಗಳಲ್ಲಿ ವಿಮರ್ಶೆಗೆ ತಕ್ಕ ವಿಷಯವಿದೆಯೆಂದು ಮನವರಿಕೆಯಾಯಿತು. ಅದನ್ನು ಸಹೃದಯರಾದ ಅಧ್ಯಾಪಕ ಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಅಳತೆಗೋಲು ಯಾವುದು ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಭೀಮ–ಹನುಮಂತರ ಭೇಟಿಯಲ್ಲಿ ಯಾರು ಬಲಶಾಲಿಯೆಂಬ ತೀರ್ಪು ಮುಖ್ಯವಲ್ಲ. ಭೀಮನ ಗರ್ವ ಇಳಿಯಿತು, ಅಣ್ಣನ ವಾತ್ಸಲ್ಯ ತಿಳಿಯಿತು. ಆ ಭೇಟಿ ಇಲ್ಲದೆ ಹೋಗಿದ್ದರೆ ಭೀಮನ ಸ್ವಭಾವದ ಒಂದು ಮುಖ ನಮಗೆ ಕಾಣುತ್ತಲೇ ಇರಲಿಲ್ಲ. ನಮ್ಮ ಕಡೆಯ ಯಕ್ಷಗಾನರಂಗದ ಕೃಷ್ಣಾರ್ಜುನ ಕಾಳಗವನ್ನೂ ನೆನೆಯಬಹುದು. ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನ ಶಪಥ. ಯಾರ ವೈರಿಯೆಂದು ತಿಳಿಯದೆ ಅವನಿಗೆ ಅಭಯವಿತ್ತ ಅರ್ಜುನನ ಮಾತು. ಇಬ್ಬರೂ ಮಾತಿಗೆ ಕಟ್ಟುಬಿದ್ದವರಾದ್ದರಿಂದಲೇ ಕಾಳಗ ಅನಿವಾರ್ಯವಾಯಿತು. ಎಂದರೆ, ಬೇರೆ ಬೇರೆ ಕಡೆಯ ವೀರರನ್ನು ಕೂಡಿಸುವ ಕಥೆಗೆ ಎರಡು ಔಚಿತ್ಯಗಳು ಬೇಕು. ಅವರ ವಿರೋಧ ಅವರವರ ಧರ್ಮದಿಂದಲೇ ಹುಟ್ಟಬೇಕು. ಅವರ ಭೇಟಿಯಿಂದ ಅವರಲ್ಲಿ ನಾವು ಕಾಣದಿದ್ದುದೊಂದು ಕಾಣಬೇಕು. ಈ ಎರಡು ಅಳತೆಗಳಿಂದ ಮೂರು ಕೃತಿಗಳನ್ನು ಇಲ್ಲಿ ನೋಡಲಾಗಿದೆ.

೨

ಮೊದಲು ಆ ಎರಡು ಮನೆಗಳ ಪರಿಚಯ ಬೇಕು. ಜೆರಿ ಸೀಗಲ್, ಜೋ ಶಸ್ಟರ್ ಎಂಬ ಕ್ಲೀವ್‌ಲೆಂಡಿನ ಇಬ್ಬರು ತರುಣರು ಕಲ್ಪಿಸಿದ ಸೂಪರ್‌ಮ್ಯಾನ್ ೧೯೩೮ರಲ್ಲಿ ಆಕ್ಷನ್ ಕಾಮಿಕ್ಸ್ ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅಚ್ಚಾದನು. ಅದರ ಹಕ್ಕಿಗೆ ಅವರಿಬ್ಬರಿಗೂ ಸೇರಿ ದೊರೆತದ್ದು ೧೩೦ ಡಾಲರು. ಮರುವರ್ಷ ಬ್ಯಾಟ್‌ಮ್ಯಾನ್, ೧೯೪೧ರಲ್ಲಿ ವಂಡರ್ ವುಮನ್. ಇವರೆಲ್ಲ ಇಂದು ಡಿ.ಸಿ. ಎಂದು ಹೆಸರಾದ ಮನೆಯವರು. ಇನ್ನೊಂದು ಮನೆ ೧೯೩೯ರಲ್ಲಿ ಟೈಮ್ಲಿ ಎಂಬ ಹೆಸರಿನಿಂದ ಮೊದಲಾಗಿ, ಮುಂದೆ ಮಾರ್ವೆಲ್ ಆಯಿತು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ೧೯೪೧ರಲ್ಲಿ ಕ್ಯಾಪ್ಟನ್ ಅಮೆರಿಕನನ್ನು ಸೃಷ್ಟಿಸಿದ್ದು ಇಲ್ಲಿ. ೧೯೬೨ರಲ್ಲಿ ಸ್ಟ್ಯಾನ್ ಲೀ ಹಾಗೂ ಸ್ಟೀವ್ ಡಿಟ್ಕೊ ಇವರ ಸ್ಪೈಡರ್‌ಮ್ಯಾನ್ ಕಾಣಿಸಿಕೊಂಡದ್ದೂ ಇಲ್ಲಿಯೇ.

ಒಂದೊಂದು ಮನೆಯೊಳಗೆ ವೀರರನ್ನು ಕೂಡಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ೧೯೪೦ರಲ್ಲಿಯೇ ಟೈಮ್ಲಿಯ ಅಗ್ನಿವೀರನಾದ ಹ್ಯೂಮನ್ ಟಾರ್ಚನಿಗೂ ಜಲವೀರನಾದ ಸಬ್‌ಮ್ಯಾರಿನರನಿಗೂ ಕಾಳಗವಾಯಿತು. ಅದೇ ವರ್ಷ ಡಿ.ಸಿ. ಕಡೆಯಲ್ಲಿ ವೀರರ ಒಂದು ಸಭೆಯೇ ಕೂಡಿತು. ೧೯೬೦ರಲ್ಲಿ ಡಿ.ಸಿ.ಯ ಜಸ್ಟಿಸ್ ಲೀಗ್, ೧೯೬೩ರಲ್ಲಿ ಮಾರ್ವೆಲ್ಲಿನ ಅವೆಂಜರ್ಸ್ ಎಂಬ ತಂಡಗಳು ಹುಟ್ಟಿದವು. ೧೯೬೧ರಲ್ಲಿ ಗಾರ್ಡ್‌ನರ್ ಫಾಕ್ಸ್ ಬರೆದ ಕಥೆಯೊಂದರಲ್ಲಿ, ಫ್ಲ್ಯಾಷ್ ಎಂಬ ವೇಗದ ವೀರನು ತನ್ನದೇ ಹೆಸರಿನ ಹಳೆಯ ವೀರನನ್ನು ಮತ್ತೊಂದು ಭೂಮಿಯಲ್ಲಿ ಭೇಟಿಯಾದನು. ಅಲ್ಲಿಂದ ಮುಂದೆ ಒಂದು ಭೂಮಿಯ ಪಕ್ಕದಲ್ಲಿ ಇನ್ನೊಂದು ಭೂಮಿಯಿರುವುದು ಈ ಕಥೆಗಾರರಿಗೆ ಸಹಜವಾದ ಮಾತಾಯಿತು.

ಆದರೆ ಎರಡು ಮನೆಗಳ ನಡುವಿನ ಗೋಡೆ ಕಥೆಯದಲ್ಲ, ವ್ಯಾಪಾರದ್ದು. ವಿಚಿತ್ರವೇನೆಂದರೆ, ಆ ಗೋಡೆಯನ್ನು ಮನುಷ್ಯರು ದಾಟುತ್ತಿದ್ದರು, ಅವರು ಸೃಷ್ಟಿಸಿದ ಪಾತ್ರಗಳು ದಾಟಲಾರದಾಗಿದ್ದವು. ಜ್ಯಾಕ್ ಕರ್ಬಿ ೧೯೭೦ರಲ್ಲಿ ಮಾರ್ವೆಲ್ಲನ್ನು ಬಿಟ್ಟು ಡಿ.ಸಿ.ಗೆ ಹೋದರು, ಅವರು ಮೂಡಿಸಿದ ಕ್ಯಾಪ್ಟನ್ ಅಮೆರಿಕ ಹಳೆಯ ಮನೆಯಲ್ಲೇ ಉಳಿದನು. ಆದ್ದರಿಂದ ಲೇಖಕರು ಕಳ್ಳದಾರಿ ಹುಡುಕಿದರು. ೧೯೬೯ರಿಂದ ೧೯೭೧ರ ಒಳಗೆ ಮಾರ್ವೆಲ್ ಲೇಖಕರು ಜಸ್ಟಿಸ್ ಲೀಗನ್ನು ಹೋಲುವ ಸ್ಕ್ವಾಡ್ರನ್ ಎಂಬ ತಂಡವನ್ನು ಕಟ್ಟಿ ತಮ್ಮ ಅವೆಂಜರ್ಸ್‌ ಎದುರು ನಿಲ್ಲಿಸಿದರು, ಡಿ.ಸಿ. ಲೇಖಕರೂ ಅವೆಂಜರ್ಸ್‌ ಛಾಯೆಯ ಒಂದು ತಂಡವನ್ನು ತಂದರು. ೧೯೭೨ರ ಕೊನೆಯ ವೇಳೆಗೆ ಸ್ಟೀವ್ ಎಂಗಲ್‌ಹಾರ್ಟ್, ಲೆನ್ ವೈನ್, ಜೆರಿ ಕಾನ್ವೆ ಎಂಬ ಮೂವರು ಗೆಳೆಯರು ಇನ್ನೂ ಧೈರ್ಯ ಮಾಡಿದರು. ವರ್ಮಾಂಟ್ ರಾಜ್ಯದ ರಟ್‌ಲೆಂಡ್ ಎಂಬ ಊರಿನ ವೇಷದ ಮೆರವಣಿಗೆಯ ಒಂದೇ ರಾತ್ರಿಯನ್ನು ಮೂರು ಕಥೆಗಳಾಗಿ ಹಂಚಿಕೊಂಡು, ಎರಡನ್ನು ಮಾರ್ವೆಲ್ ಪತ್ರಿಕೆಗಳಲ್ಲಿ, ಒಂದನ್ನು ಡಿ.ಸಿ. ಪತ್ರಿಕೆಯಲ್ಲಿ ಬರೆದರು. ಎದುರು ಮನೆಯ ವೀರನ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಮೂರನ್ನೂ ಓದಿದ ಹುಡುಗನಿಗೆ ಎರಡು ಲೋಕಗಳೂ ಆ ರಾತ್ರಿ ಒಂದೇ ಬೀದಿಯಲ್ಲಿದ್ದವೆಂದು ತಿಳಿಯುತ್ತಿತ್ತು.

೩

ಗೋಡೆಯಲ್ಲಿ ಮೊದಲ ಬಾಗಿಲು ತೆರೆದದ್ದು ೧೯೭೬ರಲ್ಲಿ. ಎರಡು ಸಂಸ್ಥೆಗಳೂ ಕೂಡಿ, ಸಾಮಾನ್ಯ ಸಂಚಿಕೆಗಿಂತ ದೊಡ್ಡ ಆಕಾರದ, ಎರಡು ಡಾಲರ್ ಬೆಲೆಯ ಒಂದು ಪುಸ್ತಕದಲ್ಲಿ ಸೂಪರ್‌ಮ್ಯಾನ್–ಸ್ಪೈಡರ್‌ಮ್ಯಾನ್ ಇಬ್ಬರನ್ನೂ ತಂದವು. ಕಥೆ ಬರೆದವರು ರಟ್‌ಲೆಂಡ್ ಮೂವರಲ್ಲಿ ಒಬ್ಬರಾದ ಕಾನ್ವೆಯವರೇ. ಚಿತ್ರ ರಾಸ್ ಆಂಡ್ರು ಅವರದು. ಇದರ ಹೊಸತನವೆಂದರೆ, ಇಬ್ಬರೂ ಒಂದೇ ಲೋಕದಲ್ಲಿ ಹೇಗೆ ಬಂದರೆಂಬ ವಿವರಣೆಯೇ ಇಲ್ಲ. ಮೊದಲಿನಿಂದಲೂ ಒಂದೇ ದೇಶದ ಎರಡು ಊರುಗಳಲ್ಲಿ ಇದ್ದವರಂತೆ ಅವರು ನಡೆದುಕೊಳ್ಳುತ್ತಾರೆ. ಈ ಸರಳತೆ ನನಗೆ ಹಿಡಿಸಿತು. ಭೀಮನೂ ಹನುಮಂತನನ್ನು ಕಂಡಾಗ ತ್ರೇತಾಯುಗದಿಂದ ದ್ವಾಪರಕ್ಕೆ ದಾರಿ ಯಾವುದೆಂದು ಕೇಳಲಿಲ್ಲ.

ಆದರೆ ಕಾಳಗದ ಕಾರಣವನ್ನು ನೋಡಿರಿ. ಲೆಕ್ಸ್ ಲೂಥರ್ ಎಂಬ ದುಷ್ಟನು ಸೂಪರ್‌ಮ್ಯಾನಿನ ವೇಷ ಹಾಕಿ ಇಬ್ಬರು ಹೆಂಗಸರನ್ನು ಅಪಹರಿಸುತ್ತಾನೆ. ಅದರಿಂದ ವೀರರಲ್ಲಿ ಸಂಶಯ ಹುಟ್ಟಿ ಹೊಡೆದಾಟವಾಗುತ್ತದೆ. ಬಲದಲ್ಲಿ ಅಜಗಜಾಂತರವಿರುವ ಇಬ್ಬರನ್ನು ಸಮ ಮಾಡಲು ಸ್ಪೈಡರ್‌ಮ್ಯಾನಿನ ಮೇಲೆ ಲೂಥರನು ಕೆಂಪು ಸೂರ್ಯನ ಕಿರಣವೊಂದನ್ನು ಹಾಯಿಸುತ್ತಾನೆ. ಕಿರಣದ ಶಕ್ತಿ ಇಳಿದ ಕೂಡಲೇ ಕಾಳಗವೂ ಮುಗಿಯುತ್ತದೆ. ಇಬ್ಬರಿಗೂ ಇಲ್ಲಿ ಶಪಥವಿಲ್ಲ, ಅಭಯವಿಲ್ಲ; ಇರುವುದು ತಪ್ಪುತಿಳಿವಳಿಕೆ ಮಾತ್ರ. ತಪ್ಪುತಿಳಿವಳಿಕೆಯಿಂದ ಹುಟ್ಟಿದ ಜಗಳ ಸತ್ಯ ತಿಳಿದೊಡನೆ ಬತ್ತಿಹೋಗುತ್ತದೆ, ಪಾತ್ರದಲ್ಲಿ ಏನನ್ನೂ ಉಳಿಸುವುದಿಲ್ಲ. ಎರಡು ಮನೆಯ ಮಾನವನ್ನೂ ಸಮನಾಗಿ ಕಾಯಬೇಕಾದ ಲೇಖಕನ ಕಷ್ಟ ಇಲ್ಲಿ ಎದ್ದು ಕಾಣುತ್ತದೆ. ಒಂದು ದೃಶ್ಯ ಮಾತ್ರ ಮನಸ್ಸಿನಲ್ಲಿ ನಿಲ್ಲುವಂಥದು: ಸಿಟ್ಟಿನಿಂದ ಎತ್ತಿದ ಮುಷ್ಟಿಯನ್ನು ಸೂಪರ್‌ಮ್ಯಾನ್ ಕೊನೆಯ ಗಳಿಗೆಯಲ್ಲಿ ತಡೆದುಕೊಳ್ಳುತ್ತಾನೆ, ಆ ತಡೆದ ಏಟಿನ ಗಾಳಿಗೇ ಸ್ಪೈಡರ್‌ಮ್ಯಾನ್ ದೂರ ಹಾರಿಬೀಳುತ್ತಾನೆ. ಬಲವಂತನ ಹಿರಿಮೆ ಬಲವನ್ನು ತಡೆಯುವುದರಲ್ಲಿದೆ ಎಂಬುದನ್ನು ಕಥೆ ಹೇಳದೆಯೇ ಚಿತ್ರ ಹೇಳಿದೆ.

ಈ ಪುಸ್ತಕದ ಸುತ್ತಿನ ಕಾಲವನ್ನೂ ಮರೆಯಬಾರದು. ಬಡತನದಲ್ಲಿ ದಿನ ದೂಡುತ್ತಿದ್ದ ಸೀಗಲ್, ಶಸ್ಟರ್ ಇವರಿಗೆ ವರ್ಷಾಶನವನ್ನೂ, ಸೃಷ್ಟಿಕರ್ತರೆಂದು ಹೆಸರು ಹಾಕುವ ಗೌರವವನ್ನೂ ಕೊಡಲು ಒಪ್ಪಿಗೆಯಾದದ್ದು ೧೯೭೫ರ ಡಿಸೆಂಬರಿನಲ್ಲಿ. ಎರಡು ದೊಡ್ಡ ಮನೆಗಳು ಅಂಗಳದಲ್ಲಿ ಕೈಕುಲುಕಿದ ಹೊತ್ತಿಗೆ, ಮನೆ ಕಟ್ಟಿದವರು ಆಗತಾನೆ ಹೊಸ್ತಿಲಿಗೆ ಬಂದಿದ್ದರು.

೪

ಎರಡನೆಯ ಕೃತಿ ೧೯೯೬ರದು, ನಾಲ್ಕು ಸಂಚಿಕೆಗಳು. ರಾನ್ ಮಾರ್ಜ್ ಮತ್ತು ಪೀಟರ್ ಡೇವಿಡ್ ಬರೆದವರು. ಎರಡು ವಿಶ್ವಗಳೇ ಇಬ್ಬರು ಅಣ್ಣತಮ್ಮಂದಿರ ರೂಪ ತಾಳಿ, ತಮ್ಮ ತಮ್ಮ ವೀರರನ್ನು ಕಾದಾಡಿಸುತ್ತಾರೆ. ಸೋತವನ ವಿಶ್ವ ಅಳಿಯಬೇಕು. ಹನ್ನೊಂದು ಕಾಳಗಗಳಲ್ಲಿ ಐದರ ಫಲವನ್ನು ಓದುಗರ ಮತಕ್ಕೆ ಬಿಡಲಾಯಿತು. ಮತ ಎಣಿಸಿದಾಗ ಸೂಪರ್‌ಮ್ಯಾನ್ ಹಲ್ಕನನ್ನು ಗೆದ್ದನು, ಬ್ಯಾಟ್‌ಮ್ಯಾನ್ ಕ್ಯಾಪ್ಟನ್ ಅಮೆರಿಕನನ್ನು ಗೆದ್ದನು. ಉಳಿದ ಮೂರರಲ್ಲಿ ಸ್ಟಾರ್ಮ್, ಸ್ಪೈಡರ್‌ಮ್ಯಾನ್, ವುಲ್ವರಿನ್ ಎಂಬ ಮಾರ್ವೆಲ್ ವೀರರು ಗೆದ್ದರು.

ನನ್ನ ತರಗತಿಯ ಹುಡುಗನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇನ್ನಿಲ್ಲ. ಆದರೂ ಓದಿ ಮುಗಿಸಿದಾಗ ಕೈಯಲ್ಲಿ ಏನೂ ಉಳಿದಂತೆ ತೋರುವುದಿಲ್ಲ. ಕಾರಣ ಸ್ಪಷ್ಟವಾಗಿದೆ. ಮತದಿಂದ ಬಂದ ಫಲಕ್ಕೆ ಲೇಖಕನು ಬಳಿಕ ಕಾರಣ ಹುಡುಕಬೇಕು. ವುಲ್ವರಿನ್ ಮತ್ತು ಲೋಬೋ ಎಂಬ ಇಬ್ಬರು ಕ್ರೂರ ಕಾದಾಳುಗಳ ಜಗಳ ಪಾನಗೃಹವೊಂದರ ಕಟ್ಟೆಯ ಮರೆಯಲ್ಲಿ ನಡೆಯುತ್ತದೆ. ನಮಗೆ ಕಾಣುವುದು ಕೊನೆಯಲ್ಲಿ ಎದ್ದು ಬರುವ ವುಲ್ವರಿನ್ ಮಾತ್ರ. ಗೆಲುವನ್ನು ನಂಬುವಂತೆ ತೋರಿಸುವ ದಾರಿ ಲೇಖಕರಿಗೆ ಕಾಣಲಿಲ್ಲವೆಂದೇ ಊಹಿಸಬೇಕಾಗಿದೆ. ಸಮಬಲರಾದ ಬ್ಯಾಟ್‌ಮ್ಯಾನ್ ಹಾಗೂ ಕ್ಯಾಪ್ಟನ್ ಅಮೆರಿಕರ ಕಾಳಗವಂತೂ ನೆಲದೊಳಗಿನ ಚರಂಡಿಗೆ ನುಗ್ಗಿದ ನೀರಿನ ದೆಸೆಯಿಂದ ತೀರ್ಮಾನವಾಗುತ್ತದೆ. ಇದು ಆಕಸ್ಮಿಕ, ಕಥೆಯಲ್ಲ.

ಒಂದು ಕಡೆ ಮಾತ್ರ ಲೇಖಕರು ಮತವನ್ನೂ ಮೀರಿ ಗೆದ್ದಿದ್ದಾರೆ. ಯೋಗ್ಯರಾದವರಿಗೆ ಹೊರತು ಮತ್ತಾರಿಗೂ ಏಳದ ಥಾರ್ ದೇವನ ಸುತ್ತಿಗೆ ವಂಡರ್ ವುಮನ್ ಕೈಗೆ ದೊರೆಯುತ್ತದೆ, ಅವಳು ಎತ್ತುತ್ತಾಳೆ. ಸ್ಟಾರ್ಮ್ ಎದುರು ನಿಂತಾಗ, ಇದನ್ನು ಹಿಡಿದು ಕಾದುವುದು ನ್ಯಾಯವಲ್ಲವೆಂದು ಕೆಳಗಿಡುತ್ತಾಳೆ, ಸೋಲುತ್ತಾಳೆ. ಸೋಲನ್ನು ಕೊಟ್ಟವರು ಓದುಗರು. ಆ ಸೋಲಿಗೆ ಕಾರಣವನ್ನು ಕೊಟ್ಟದ್ದು ಅವಳ ಸ್ವಭಾವ. ಸುತ್ತಿಗೆ ಎತ್ತಿದ್ದಕ್ಕಿಂತ ಕೆಳಗಿಟ್ಟದ್ದರಿಂದ ಅವಳು ದೊಡ್ಡವಳಾದಳು. ಇಡೀ ಗ್ರಂಥದಲ್ಲಿ ನಮ್ಮ ಎರಡು ಅಳತೆಗಳಿಗೂ ನಿಲ್ಲುವ ಕಾಳಗ ಇದೊಂದೇ.

ಈ ಕಥೆಯ ನಡುವೆ ಎರಡು ವಿಶ್ವಗಳೂ ಕರಗಿ ಒಂದಾಗುತ್ತವೆ. ಆ ಮಿಶ್ರಲೋಕಕ್ಕೆ ಅಮಾಲ್ಗಮ್ ಎಂದು ಹೆಸರಿಟ್ಟು ೧೯೯೬ರಲ್ಲಿ ಹನ್ನೆರಡು, ೧೯೯೭ರಲ್ಲಿ ಮತ್ತೆ ಹನ್ನೆರಡು ಸಂಚಿಕೆಗಳನ್ನು ಹೊರತಂದರು. ಬ್ಯಾಟ್‌ಮ್ಯಾನ್–ವುಲ್ವರಿನ್ ಸೇರಿ ಡಾರ್ಕ್ ಕ್ಲಾ, ಸೂಪರ್‌ಮ್ಯಾನ್–ಕ್ಯಾಪ್ಟನ್ ಅಮೆರಿಕ ಸೇರಿ ಸೂಪರ್ ಸೋಲ್ಜರ್, ಹೀಗೆ. ಆ ಲೋಕ ಅನಾದಿಯಿಂದ ಇತ್ತೆಂದು ನಟಿಸಿ, ಎಂದೂ ಅಚ್ಚಾಗದ ಹಳೆಯ ಸಂಚಿಕೆಗಳ ಬಗ್ಗೆ ಎಂದೂ ಇರದ ಓದುಗರ ಪತ್ರಗಳನ್ನೂ ಅಚ್ಚು ಹಾಕಿದರು. ವಿನೋದವೆಂದು ನೋಡಿದರೆ ಇದು ಚೆನ್ನಾಗಿದೆ. ಇಲ್ಲದ ಪರಂಪರೆಗೆ ಬರೆದ ಈ ಹುಸಿ ಟಿಪ್ಪಣಿಗಳಲ್ಲಿ ಪಂಡಿತರೂ ನಗುವ ಜಾಣತನವಿದೆ.

ಪಾತ್ರಗಳೆಂದು ನೋಡಿದರೆ ಬೇರೆ ಮಾತು ಹೇಳಬೇಕಾಗುತ್ತದೆ. ಸೂಪರ್‌ಮ್ಯಾನ್ ಅನ್ಯಗ್ರಹದಿಂದ ಬಂದ ಅನಾಥ. ಹುಟ್ಟಿನಿಂದ ಬಲವಿದ್ದವನು ಈ ನೆಲಕ್ಕೆ ಒಗ್ಗಿಕೊಂಡು ನಮ್ಮವನಾಗಬೇಕು. ಕ್ಯಾಪ್ಟನ್ ಅಮೆರಿಕ ಸೈನ್ಯಕ್ಕೆ ಅನರ್ಹನೆನಿಸಿದ ಬಡಕಲು ಹುಡುಗ. ಈ ನೆಲದವನೇ ಆದವನು ಬಲವನ್ನು ಪಡೆದು ಅದಕ್ಕೆ ತಕ್ಕವನಾಗಬೇಕು. ಇಬ್ಬರ ದಾರಿಗಳೂ ಎದುರುಬದುರಾಗಿವೆ. ಎರಡನ್ನೂ ಒಂದು ದೇಹದಲ್ಲಿ ಬೆರೆಸಿದರೆ ಪರಕೀಯನ ಒಂಟಿತನವೂ ಹೋಯಿತು, ದುರ್ಬಲನ ಛಲವೂ ಹೋಯಿತು. ಉಳಿದದ್ದು ಉಡುಪಿನ ಬಣ್ಣ. ಮಜ್ಜಿಗೆಯೂ ಪಾನಕವೂ ಬೇಸಗೆಗೆ ಒಳ್ಳೆಯವೇ. ಒಂದೇ ಲೋಟಕ್ಕೆ ಹೊಯ್ದರೆ ಕುಡಿಯುವವರಿಲ್ಲ.

೫

ಮೂರನೆಯ ಕೃತಿ ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ತಂಡಗಳ ಸಮಾಗಮ. ಇದರ ಹುಟ್ಟೇ ಒಂದು ಕಥೆ. ೧೯೮೩ರಲ್ಲಿ ಇದಕ್ಕಾಗಿ ಜಾರ್ಜ್ ಪೆರೆಜ್ ಇಪ್ಪತ್ತೊಂದು ಪುಟಗಳನ್ನು ಬಿಡಿಸಿಯೂ ಇದ್ದರು. ಕಥೆಯ ವಿಷಯದಲ್ಲಿ ಎರಡು ಮನೆಯ ಸಂಪಾದಕರಿಗೆ ಒಮ್ಮತ ಬಾರದೆ ಕೆಲಸ ನಿಂತುಹೋಯಿತು. ಇಪ್ಪತ್ತು ವರ್ಷದ ಮೇಲೆ, ೨೦೦೩–೦೪ರಲ್ಲಿ, ಕರ್ಟ್ ಬ್ಯೂಸಿಕ್ ಬರೆದ ಹೊಸ ಕಥೆಗೆ ಅದೇ ಪೆರೆಜ್ ನಾಲ್ಕು ಸಂಚಿಕೆಗಳ ಚಿತ್ರ ಬರೆದರು. ಒಂದು ಸಂಚಿಕೆಯ ಹೊದಿಕೆಯಲ್ಲಿ ಎರಡು ತಂಡಗಳ ಹಳಬ ಹೊಸಬರೆಲ್ಲ ಸೇರಿ ಇನ್ನೂರಕ್ಕೂ ಮಿಕ್ಕ ಆಕೃತಿಗಳಿವೆ. ಒಂದೊಂದು ಮುಖವನ್ನೂ ಗುರುತಿಸಬಹುದು. ಕಾದಿದ್ದವನ ಪ್ರೀತಿ ಆ ಗೆರೆಗಳಲ್ಲಿದೆ.

ಬ್ಯೂಸಿಕ್ ಎರಡು ಲೋಕಗಳನ್ನು ಎರಡಾಗಿಯೇ ಇಟ್ಟರು. ಜಸ್ಟಿಸ್ ಲೀಗ್ ಮಾರ್ವೆಲ್ ಲೋಕಕ್ಕೆ ಬಂದಾಗ ಕಾಣುವುದು ವೀರರನ್ನು ಶಂಕಿಸುವ ಜನ, ಹಾಳುಬಿದ್ದ ನಾಡುಗಳು. ಇಷ್ಟು ಬಲವಿದ್ದೂ ಇವರು ತಮ್ಮ ಲೋಕವನ್ನು ಹೀಗೆ ಬಿಟ್ಟರೇ ಎಂದು ಸೂಪರ್‌ಮ್ಯಾನಿಗೆ ರೋಷ. ಅವೆಂಜರ್ಸ್ ಎದುರು ಲೋಕಕ್ಕೆ ಹೋದಾಗ ಕಾಣುವುದು ವೀರರ ಹೆಸರಿನ ವಸ್ತುಸಂಗ್ರಹಾಲಯ, ಜನರ ಭಕ್ತಿ. ಇವರು ದೇವರಂತೆ ಪೂಜೆಗೊಳ್ಳುತ್ತಿದ್ದಾರೆಂದು ಕ್ಯಾಪ್ಟನ್ ಅಮೆರಿಕನಿಗೆ ಅಸಹ್ಯ. ಈ ಜಗಳಕ್ಕೆ ವೇಷಧಾರಿ ಬೇಕಿಲ್ಲ, ಕೆಂಪು ಕಿರಣ ಬೇಕಿಲ್ಲ. ಬಲವುಳ್ಳವನು ಜನರ ನಡುವೆ ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಎರಡು ಮನೆಗಳೂ ಹಲವು ದಶಕಗಳಿಂದ ಬೇರೆ ಬೇರೆ ಉತ್ತರ ಕೊಡುತ್ತ ಬಂದಿವೆ. ಆ ಉತ್ತರಗಳೇ ಇಲ್ಲಿ ಕಾದಾಡುತ್ತವೆ. ಗಯನ ಪ್ರಸಂಗದಲ್ಲಿ ಶಪಥಕ್ಕೂ ಅಭಯಕ್ಕೂ ನಡೆದ ಕಾಳಗದ ಜಾತಿ ಇದು.

ಕೃತಿಯ ಹೃದಯವಿರುವುದು ಮೂರನೆಯ ಸಂಚಿಕೆಯಲ್ಲಿ. ಇಲ್ಲಿಯೂ ಲೋಕಗಳೆರಡೂ ಬೆರೆಯುತ್ತವೆ. ಎರಡು ತಂಡಗಳೂ ಎಷ್ಟೋ ಕಾಲದ ಗೆಳೆಯರೆಂದು ನಂಬಿ ಬಾಳುತ್ತವೆ. ಸತ್ತವರು ಬದುಕಿದ್ದಾರೆ, ನೊಂದವರು ನಕ್ಕಿದ್ದಾರೆ. ಮೆಲ್ಲನೆ ಇದು ಹುಸಿಯೆಂದು ಅವರಿಗೇ ತೋರುತ್ತದೆ. ತಮ್ಮ ನಿಜವಾದ ಬಾಳು ಏನಾಗಿತ್ತೆಂಬುದನ್ನು ಅವರು ಕಣ್ಣಾರೆ ನೋಡುತ್ತಾರೆ: ಬ್ಯಾರಿ ಅಲೆನ್, ಹ್ಯಾಲ್ ಜೋರ್ಡನ್ ಎಂಬವರು ತಮ್ಮ ಮರಣವನ್ನು ನೋಡುತ್ತಾರೆ, ಸ್ಕಾರ್ಲೆಟ್ ವಿಚ್ ಎಂಬ ತಾಯಿ ತನ್ನ ಮಕ್ಕಳ ಅಳಿವನ್ನು ನೋಡುತ್ತಾಳೆ. ನೋಡಿದ ಮೇಲೂ, ಆ ದುಃಖದ ಲೋಕಗಳನ್ನೇ ಮರಳಿ ನಿಲ್ಲಿಸಲು ಎಲ್ಲರೂ ಹೊರಡುತ್ತಾರೆ. ಸುಖದ ಮಿಶ್ರಲೋಕವನ್ನು ಬಿಟ್ಟು, ನೋವಿನ ಸ್ವಂತ ಲೋಕವನ್ನು ಆರಿಸಿಕೊಳ್ಳುವ ಈ ನಿರ್ಧಾರದಲ್ಲಿ ವೀರರ ವೀರತ್ವ ಪ್ರಕಟವಾಗಿದೆ. ೧೯೯೬ರ ಕೃತಿಯಲ್ಲಿ ಮಿಶ್ರಣ ಒಂದು ಆಟವಾಗಿತ್ತು. ಇಲ್ಲಿ ಅದು ಒಂದು ಪ್ರಲೋಭನೆ.

ಕೊನೆಯ ಯುದ್ಧದಲ್ಲಿ ಸೂಪರ್‌ಮ್ಯಾನ್ ಒಂದು ಕೈಯಲ್ಲಿ ಕ್ಯಾಪ್ಟನ್ ಅಮೆರಿಕನ ಗುರಾಣಿಯನ್ನೂ ಇನ್ನೊಂದರಲ್ಲಿ ಥಾರ್‌ನ ಸುತ್ತಿಗೆಯನ್ನೂ ಹಿಡಿಯುತ್ತಾನೆ. ಆಪತ್ತು ಕಳೆದ ಬಳಿಕ ಅದೇ ಸುತ್ತಿಗೆ ಅವನ ಕೈಗೆ ಏಳುವುದಿಲ್ಲ. ಎರವಲು ತಂದದ್ದನ್ನು ಮರಳಿಸುವುದು ನಂಟಿನ ಮರ್ಯಾದೆ. ಹನುಮಂತನ ಬಾಲದ ನೆನಪು ನನಗೆ ಈ ದೃಶ್ಯದಲ್ಲಿ ಬಂತು.

ದೋಷಗಳನ್ನೂ ಹೇಳದೆ ವಿಧಿಯಿಲ್ಲ. ಪಾತ್ರಗಳ ಸಂದಣಿ ಹೆಚ್ಚಾಗಿ, ಹಿಂದಿನ ಕಥೆಗಳನ್ನು ಓದದವನಿಗೆ ಅರ್ಧ ಪುಟಗಳು ಬರಿಯ ಗದ್ದಲವಾಗುತ್ತವೆ. ಹನ್ನೆರಡು ಮಾಯಾವಸ್ತುಗಳನ್ನು ಸಂಪಾದಿಸುವ ಪಂದ್ಯ ಎರಡನೆಯ ಸಂಚಿಕೆಯನ್ನು ಎಳೆದಿದೆ. ಕ್ರೋನಾ ಎಂಬ ಖಳನು ವಿಶ್ವದ ಆದಿಯನ್ನು ತಿಳಿಯುವ ಹಟದಿಂದ ವಿಶ್ವಗಳನ್ನೇ ಒಡೆಯುವವನು. ದೊಡ್ಡ ಕಲ್ಪನೆ, ಆದರೆ ಅವನ ಅಂತರಂಗಕ್ಕೆ ಲೇಖಕರು ಇಳಿಯಲೇ ಇಲ್ಲ. ಇಷ್ಟಾದರೂ ಮೂರರಲ್ಲಿ ಇದೇ ಮೇಲಾದ ಕೃತಿಯೆಂದು ನನ್ನ ಅಭಿಪ್ರಾಯ.

೬

ಈ ಲೋಕಗಳು ಯಾರ ಸೊತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಕಾಗದಪತ್ರದ ಮಟ್ಟಿಗೆ ಉತ್ತರ ಸುಲಭ: ಡಿ.ಸಿ. ವಾರ್ನರ್ ಸಂಸ್ಥೆಯ ಪಾಲು, ಮಾರ್ವೆಲ್ ೨೦೦೯ರಲ್ಲಿ ಡಿಸ್ನಿಯ ಪಾಲಾಯಿತು. 'ಸೂಪರ್ ಹೀರೊ' ಎಂಬ ಪದವನ್ನೇ ಈ ಎರಡು ಮನೆಗಳು ಜಂಟಿಯಾಗಿ ಅಮೆರಿಕದಲ್ಲಿ ತಮ್ಮ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿದ್ದವು. ೨೦೨೪ರಲ್ಲಿ ಆ ನೋಂದಣಿ ರದ್ದಾಯಿತು. ವೀರರನ್ನು ಕೂಡಿಸಲು ದಶಕಗಟ್ಟಲೆ ಒಪ್ಪದವರು ಪದವನ್ನು ಕಾಯಲು ಕೂಡಿದ್ದರೆಂಬುದು ಗಮನಿಸತಕ್ಕದ್ದು. ೨೦೦೪ರ ಬಳಿಕ ಬಾಗಿಲು ಬಹುಕಾಲ ಮುಚ್ಚಿತ್ತು. ೨೦೨೨ರಲ್ಲಿ ಪೆರೆಜ್ ಮರಣಶಯ್ಯೆಯಲ್ಲಿದ್ದಾಗ, ಕಷ್ಟದಲ್ಲಿರುವ ಚಿತ್ರಕಥೆಗಾರರ ನೆರವಿಗಾಗಿ ಅವರ ಕೃತಿಯ ಏಳು ಸಾವಿರ ಪ್ರತಿಗಳನ್ನು ಮತ್ತೆ ಅಚ್ಚು ಹಾಕಿದರು. ಆ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ೨೦೨೫ರಲ್ಲಿ ಬ್ಯಾಟ್‌ಮ್ಯಾನ್ ಮತ್ತು ಡೆಡ್‌ಪೂಲ್ ಎಂಬವರನ್ನು ಕೂಡಿಸಿ ಎರಡು ಮನೆಗಳೂ ಒಂದೊಂದು ಸಂಚಿಕೆ ತಂದಿವೆ. ಬಾಗಿಲು ಮತ್ತೆ ತೆರೆದಿದೆ ಎನ್ನಬಹುದು.

ಓದುವ ಮಕ್ಕಳ ಮಟ್ಟಿಗೆ ಆ ಬಾಗಿಲು ಎಂದೂ ಮುಚ್ಚಿರಲಿಲ್ಲ. ರಟ್‌ಲೆಂಡ್ ಮೂವರು ಕಳ್ಳದಾರಿ ಹಿಡಿದದ್ದಕ್ಕಿಂತ ಮೊದಲೇ, ಯಾವುದೋ ಮನೆಯ ಜಗಲಿಯಲ್ಲಿ ಎರಡು ಕಂಪೆನಿಯ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡು ಕೂತ ಹುಡುಗ ಈ ಕೆಲಸ ಮಾಡಿಯೇ ಇದ್ದಿರಬೇಕು. ಅವನಿಗೆ ನಾವು ಕಲಿಸಬೇಕಾದದ್ದು ಅಷ್ಟಿಷ್ಟು ಮಾತ್ರ: ಕೂಡಿಸುವಾಗ ಒಬ್ಬೊಬ್ಬನ ಸ್ವಭಾವವನ್ನು ಕಾಯಬೇಕು, ಕಾದಾಡಿಸುವಾಗ ತಕ್ಕ ಕಾರಣವಿರಬೇಕು.

ಗದರಿಸಿದ ಹುಡುಗನನ್ನು ಮರುವಾರ ಎಬ್ಬಿಸಿ, ಅವನ ಪ್ರಶ್ನೆಯನ್ನೇ ತರಗತಿಗೆಲ್ಲ ಕೊಟ್ಟೆ. "ಯಾರು ಗೆಲ್ಲುವುದು ಎಂದು ಬರೆಯಬೇಡಿ. ಯಾಕೆ ಜಗಳ ಆಯಿತು, ಜಗಳ ಮುಗಿದ ಮೇಲೆ ಇಬ್ಬರೂ ಏನು ಮಾತಾಡಿದರು, ಅದನ್ನು ಬರೆಯಿರಿ" ಎಂದೆ. ಮೂವತ್ತೆರಡು ಹಾಳೆಗಳು ಬಂದವು. ಅವನ ಹಾಳೆಯಲ್ಲಿ ಇಬ್ಬರೂ ಒಂದು ಮುದುಕಿಯ ಹಟ್ಟಿಗೆ ಬೆಂಕಿ ಬಿದ್ದಾಗ ಯಾರು ಮೊದಲು ಹೋಗುವುದೆಂದು ಜಗಳವಾಡಿದ್ದರು. ಅಷ್ಟರಲ್ಲಿ ನೆರೆಮನೆಯವರು ಬೆಂಕಿ ಆರಿಸಿದ್ದರು. ಕೊನೆಯಲ್ಲಿ ಇಬ್ಬರೂ ನಾಚಿಕೊಂಡು, ಮುದುಕಿಯ ಹಟ್ಟಿಗೆ ಹೊಸ ಮಾಡು ಹೊದೆಸಿದರೆಂದು ಬರೆದಿದ್ದ. ಆ ಹಾಳೆಯನ್ನು ನಾನು ಅವನಿಗೆ ಮರಳಿಸಿಲ್ಲ.